ಚಳಿನಾಡಿನ ಗ್ಯಾರೇಜಿನಲ್ಲಿ ತೇವದ ಕಾಟ

ಅಮೆರಿಕದ ಮಿನ್ನೆಸೋಟದಂಥ ಹಿಮಪ್ರದೇಶಗಳಲ್ಲಿ, ಮನೆಗೆ ತಾಗದೆ ಹಿತ್ತಿಲಲ್ಲಿ ಒಂಟಿಯಾಗಿ ನಿಂತ ಗ್ಯಾರೇಜಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುತ್ತದೆ. ಮರದ ಚೌಕಟ್ಟು, ಹೊರಗೊಂದು ತೆಳು ಹಲಗೆ, ಕೆಳಗೆ ಕಾಂಕ್ರೀಟು, ಇಷ್ಟೇ ಅದರ ಮೈ. ಅದನ್ನು ಮರಗೆಲಸಕ್ಕೋ ರಿಪೇರಿಗೋ ಬಳಸುವವರು ಗೋಡೆಯ ಕಂಬಗಳ ನಡುವೆ ಫೈಬರ್‌ಗ್ಲಾಸ್ ತುಂಬಿ ಹೀಟರ್ ಹಚ್ಚುತ್ತಾರೆ. ಚಳಿ ತಗ್ಗುತ್ತದೆ, ಆದರೆ ಎಷ್ಟೋ ಕಡೆ ಬೂಷ್ಟು ಹಿಡಿಯತೊಡಗುತ್ತದೆ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು; ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಇಲ್ಲ. ಒಳಗಿನ ಬೆಚ್ಚನೆ ಗಾಳಿ ಗೋಡೆಯೊಳಕ್ಕೆ ನುಸುಳಿ ತಣ್ಣನೆಯ ಹೊರಹಲಗೆಯನ್ನು ಮುಟ್ಟಿದರೆ, ಹೆಚ್ಚಾದ ಆವಿ ಅಲ್ಲೇ ನೀರಾಗುತ್ತದೆ. ಕಡುಚಳಿಯಲ್ಲಿ ಹೆಪ್ಪುಗಟ್ಟುವುದೂ ಉಂಟು. ಶಾಖನಿರೋಧಕ ಒಳ್ಳೆಯದಾದಷ್ಟೂ ಹೊರಹಲಗೆ ಇನ್ನಷ್ಟು ತಣ್ಣಗಾಗುವುದು ಇಲ್ಲಿನ ತೊಡಕು. ಗೋಡೆಯ ವಸ್ತುವಿನೊಳಗೆ ಮೆಲ್ಲಗೆ ಹಾಯುವ ಆವಿಗಿಂತ, ಸಂದುಗಳಲ್ಲಿ ಗಾಳಿಯ ಜೊತೆ ಸಾಗುವ ಆವಿಯೇ ಬಹಳ ಹೆಚ್ಚು. ಹಾಗಾಗಿ ಸ್ವಿಚ್ ಪೆಟ್ಟಿಗೆ, ಚಾವಣಿಯ ಅಂಚು, ಗೋಡೆಯ ಬುಡಗಳಲ್ಲಿನ ಸಂದು ಮುಚ್ಚದೆ ಎಷ್ಟು ದಪ್ಪಗೆ ತುಂಬಿದರೂ ದುಡ್ಡು ದಂಡ. ಆವಿ ತಡೆಯುವ ಪಾಲಿಥೀನ್ ಹಾಳೆ ಬೆಚ್ಚನೆಯ ಒಳಬದಿಗೇ ಬರಬೇಕು. ಮಂಗಳೂರಿನ ಎ.ಸಿ. ಕೋಣೆಗಾದರೆ ಇದು ತಿರುಗುಮುರುಗು. ಅಲ್ಲಿ ಆವಿ ನುಗ್ಗುವುದು ಹೊರಗಿನಿಂದ.

ನೆಲವೂ ತೇವ ಕೊಡುತ್ತದೆ. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳು ಮಣ್ಣಿನ ನೀರನ್ನು ಮೇಲೆಳೆಯುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಟ್ಟಾಗ ಅದರಡಿ ಹನಿಗಟ್ಟಿದರೆ ಮೂಲ ಮಣ್ಣೇ. ವಸಂತದಲ್ಲಿ ಮಾತ್ರ ನೆಲ ಬೆವರಿದರೆ ಮಣ್ಣನ್ನು ದೂರುವಂತಿಲ್ಲ. ಚಳಿಗಾಲದ ತಂಪು ಇನ್ನೂ ಬಿಡದ ಕಾಂಕ್ರೀಟಿನ ಮೇಲೆ ಹೊರಗಿನ ಹಸಿ ಗಾಳಿ ಹರಿದಾಗ ಹೀಗಾಗುತ್ತದೆ. ಒಣಗಲೆಂದು ಆಗ ಬಾಗಿಲು ತೆರೆದಿಟ್ಟರೆ ಒದ್ದೆ ಇನ್ನೂ ಹೆಚ್ಚುತ್ತದೆ.

ಹಿಮದ ದಿನ ಕಾರು ರಸ್ತೆಯ ಉಪ್ಪನ್ನೂ ಹಿಮವನ್ನೂ ಹೊತ್ತು ತರುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಅದು ಕರಗಿ ಉಪ್ಪುನೀರಾಗಿ ನಿಂತರೆ ತುಕ್ಕು ಬೇಗ ಏರುತ್ತದೆ. ನೆಲವನ್ನು ಬಾಗಿಲ ಕಡೆಗೆ ಇಳಿಜಾರಾಗಿಸುವುದು ಅದಕ್ಕೇ.

ಚಿಮಣಿಯಿಲ್ಲದ ಪ್ರೊಪೇನ್ ಹೀಟರನ್ನು ಮಾತ್ರ ಇಂಥ ಗ್ಯಾರೇಜಿನೊಳಗೆ ತರಲೇಬಾರದು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೂ ಕುತ್ತಾಗಬಹುದು. ವಿದ್ಯುತ್ ಹೀಟರಿಗೆ ಖರ್ಚು ಹೆಚ್ಚಾದೀತು, ಆದರೆ ಅದು ಗಾಳಿಗೆ ಒಂದು ಹನಿ ನೀರನ್ನೂ ಸೇರಿಸುವುದಿಲ್ಲ.