ಸತುವನ್ನು ಹೊತ್ತ ಕಡಲಿನ ಪೆಪ್ಟೈಡುಗಳು

ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಮುಂತಾದ ದೀರ್ಘಕಾಲದ ಉರಿಯೂತಗಳಲ್ಲಿ ಕರುಳಿನ ಒಳಪದರದ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಸಂಧಿಗಳು ಸಡಿಲಗೊಂಡು, ಬ್ಯಾಕ್ಟೀರಿಯಾದ ಅಂಶಗಳು ಒಳನುಸುಳುತ್ತವೆ. ಅದರಿಂದ ಕೆರಳಿದ ರೋಗನಿರೋಧಕ ವ್ಯವಸ್ಥೆ ದೇಹದ ಅಂಗಾಂಶವನ್ನೇ ಹಾನಿಗೊಳಿಸುತ್ತದೆ. ಈ ಸಂಧಿಗಳ ಬಿಗಿತಕ್ಕೆ ಸತು ಅಗತ್ಯವಾಗಿದ್ದು, ಪದೇ ಪದೇ ಭೇದಿಯಾಗುವ ರೋಗಿಗಳಲ್ಲಿ ಅದೇ ಖನಿಜ ನಷ್ಟವಾಗುತ್ತದೆ. ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಟು ವಾರ ಸತುವಿನ ಸಲ್ಫೇಟ್ ಪಡೆದ 12 ಕ್ರೋನ್ಸ್ ರೋಗಿಗಳಲ್ಲಿ ಹೆಚ್ಚಿನವರ ಕರುಳಿನ ಸೋರಿಕೆ ತಗ್ಗಿತ್ತು. ಪ್ರಯೋಗ ಚಿಕ್ಕದಾದರೂ ಅದು ತೋರಿದ ದಿಕ್ಕು ಮಹತ್ವದ್ದು.

ಆದರೆ ನುಂಗಿದ ಸತುವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಧಾನ್ಯ, ಬೇಳೆಗಳಲ್ಲಿರುವ ಫೈಟೇಟ್ ಎಂಬ ರಾಸಾಯನಿಕವು ಅದನ್ನು ಹಿಡಿದು ಕರಗದ ರೂಪಕ್ಕೆ ತಿರುಗಿಸುತ್ತದೆ. ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಮನುಷ್ಯರಲ್ಲಿ ಸತುವಿನ ಕೊರತೆಯನ್ನು 1961ರಲ್ಲಿ ಮೊದಲು ಶಂಕಿಸಿದ್ದು, ಬಹುಪಾಲು ಗೋಧಿ ರೊಟ್ಟಿಯನ್ನೇ ಉಣ್ಣುತ್ತಿದ್ದ, ಬೆಳವಣಿಗೆ ಕುಂಠಿತಗೊಂಡ ಇರಾನಿನ ಯುವಕರಲ್ಲಿ.

ಪೆಪ್ಟೈಡುಗಳ ಉಪಯೋಗ ಇಲ್ಲಿಯೇ. ಕೆಲವೇ ಅಮೈನೋ ಆಮ್ಲಗಳು ಸರಪಣಿಯಂತೆ ಜೋಡಿಕೊಂಡ ಪ್ರೋಟೀನಿನ ತುಣುಕೇ ಪೆಪ್ಟೈಡ್. ಸಿಂಪಿಯ ಮಾಂಸವನ್ನೋ ಮೀನಿನ ಚರ್ಮ, ಹುರುಪೆಗಳನ್ನೋ ಕಿಣ್ವಗಳಿಂದ ಒಡೆದಾಗ ದೊರೆಯುವ ಇಂಥ ತುಣುಕುಗಳಲ್ಲಿರುವ ಹಿಸ್ಟಿಡಿನ್, ಆಸ್ಪಾರ್ಟಿಕ್ ಆಮ್ಲ ಮೊದಲಾದ ಘಟಕಗಳು ಸತುವಿನ ಅಯಾನನ್ನು ಹಲವು ಕಡೆಯಿಂದ ಹಿಡಿದುಕೊಳ್ಳುವುದರಿಂದ, ಅದು ಫೈಟೇಟಿನ ಕೈಗೆ ಸುಲಭವಾಗಿ ಸಿಗದೆ ಕರಗಿದ ಸ್ಥಿತಿಯಲ್ಲಿಯೇ ಮುಂದೆ ಸಾಗಬಲ್ಲದು.

ಈ ತತ್ತ್ವ ಔಷಧವಾಗಿ ಫಲಿಸಿದ ನಿದರ್ಶನವೂ ಇದೆ. ಎರಡು ಅಮೈನೋ ಆಮ್ಲಗಳ ಪೆಪ್ಟೈಡಾದ ಕಾರ್ನೊಸಿನ್‌ಗೆ ಸತುವನ್ನು ಬೆಸೆದು ತಯಾರಿಸಿದ ಪೋಲಾಪ್ರೆಜಿಂಕ್, ಜಪಾನಿನಲ್ಲಿ 1994ರಿಂದ ಜಠರದ ಹುಣ್ಣಿಗೆ ಬಳಕೆಯಲ್ಲಿದೆ. ಅದು ಹುಣ್ಣಿಗೆ ಅಂಟಿಕೊಂಡು, ನಿಧಾನವಾಗಿ ಬೇರ್ಪಟ್ಟು, ಬೇಕಾದೆಡೆಯಲ್ಲಿ ಸತುವನ್ನು ಒದಗಿಸುತ್ತದೆ. ಆದರೆ ಇದರ ಯಶಸ್ಸನ್ನು ಕಡಲಿನ ಪೆಪ್ಟೈಡುಗಳ ಲೆಕ್ಕಕ್ಕೆ ಜಮೆ ಮಾಡುವುದು ಸರಿಯಲ್ಲ. ಅವುಗಳ ಪರವಾದ ಸಾಕ್ಷ್ಯ ಬಹುಪಾಲು ಬಂದಿರುವುದು ಪ್ರಯೋಗಾಲಯದ ಜೀವಕೋಶಗಳಿಂದ ಮತ್ತು ರಾಸಾಯನಿಕ ಕುಡಿಸಿ ಕರುಳಿನ ಉರಿಯೂತ ಬರಿಸಿದ ಇಲಿಗಳಿಂದ. ಕೆಲವು ದಿನಗಳ ಆ ಉರಿಯೂತಕ್ಕೂ ವರ್ಷಗಟ್ಟಲೆ ಮರುಕಳಿಸುವ ಮನುಷ್ಯರ ಕಾಯಿಲೆಗೂ ಬಹಳ ಅಂತರವಿದೆ. ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಇಂಥ ಪೆಪ್ಟೈಡುಗಳ ಪುಡಿಯನ್ನು ನೆಚ್ಚಿಕೊಳ್ಳಲು ಸದ್ಯ ಯಾವ ಆಧಾರವೂ ಇಲ್ಲ.

ಕಚ್ಚಾವಸ್ತುವಿನ ಶುದ್ಧತೆಯೂ ಅಷ್ಟೇ ಮುಖ್ಯ. ನೀರನ್ನು ಸೋಸಿ ಆಹಾರ ಪಡೆಯುವ ಸಿಂಪಿಯು ಸತುವಿನೊಡನೆ ವಿಷಕಾರಿ ಕ್ಯಾಡ್ಮಿಯಮ್ಮನ್ನೂ ಮೈಯಲ್ಲಿ ಸಂಗ್ರಹಿಸುತ್ತದೆ. ಸತುವನ್ನು ಹಿಡಿಯುವ ಘಟಕಗಳೇ ಕ್ಯಾಡ್ಮಿಯಮ್ಮನ್ನೂ ಹಿಡಿಯಬಲ್ಲವಾದ್ದರಿಂದ, ಸಿಂಪಿ ಬೆಳೆದ ನೀರನ್ನೂ ತಯಾರಾದ ಪುಡಿಯ ಪ್ರತಿ ಕಂತನ್ನೂ ಪರೀಕ್ಷಿಸಬೇಕಾಗುತ್ತದೆ.