ಪುರಂಬಿಯಂನಲ್ಲಿ ಮಡಿದ ಗಂಗರಸ: ಒಂದನೇ ಪೃಥ್ವೀಪತಿಗೆ ಇರುವ ಸಾಕ್ಷಿ ಎಷ್ಟು?

ನಮ್ಮ ಚಾಂಪಿಯನ್ ರೀಫ್ಸ್‌ನಲ್ಲಿ ತಮಿಳು ಮನೆಮಾತಿನವರೇ ಹೆಚ್ಚು. ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಓದದವರಿಗೂ ಅದರ ಕಥೆ ಅಷ್ಟಿಷ್ಟು ಗೊತ್ತಿರುತ್ತೆ. ಆ ಕಾದಂಬರಿಯಲ್ಲಿ ಒಳಸಂಚು ಮಾಡುವವರು ರಾತ್ರಿ ಹೊತ್ತು ಸೇರುವುದು ಕುಂಭಕೋಣದ ಹತ್ತಿರದ ತಿರುಪ್ಪುರಂಬಿಯಂನಲ್ಲಿ, ಒಂದು ಪಳ್ಳಿಪ್ಪಡೈ ಬಳಿ. ಪಳ್ಳಿಪ್ಪಡೈ ಅಂದರೆ ಸತ್ತ ಅರಸನ ನೆನಪಿಗೆ ಕಟ್ಟಿದ ಗುಡಿ. ಕಲ್ಕಿಯವರ ಪ್ರಕಾರ ಅದು ಗಂಗ ವಂಶದ ಪೃಥ್ವೀಪತಿಯದು. 2022ರಲ್ಲಿ ಸಿನಿಮಾ ಬಂದ ಮೇಲೆ ನನಗೆ ಹಲವರು ಕೇಳಿದ ಪ್ರಶ್ನೆ ಒಂದೇ: “ಸಾರ್, ಆ ಗಂಗರಾಜ ನಮ್ಮ ಕೋಲಾರದವನೇ ಅಲ್ವಾ?”

ಹೌದು ಅಂತ ಹೇಳಿಬಿಡುವುದು ಸುಲಭ. ಆದರೆ ಕಾದಂಬರಿ ಸಾಕ್ಷಿಯಲ್ಲ. ಈ ಅರಸನ ಬಗ್ಗೆ ಶಾಸನಗಳು ಏನು ಹೇಳುತ್ತವೆ, ಎಷ್ಟು ಗಟ್ಟಿಯಾಗಿ ಹೇಳುತ್ತವೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮುಖ್ಯ ಸಾಕ್ಷಿ ಉದಯೇಂದಿರಂ ತಾಮ್ರಶಾಸನ. ಬಂಗಾರಪೇಟೆಯಲ್ಲಿ ಚೆನ್ನೈ ಕಡೆಯ ರೈಲು ಹತ್ತಿದರೆ ಕುಪ್ಪಂ, ಜೋಲಾರ್‌ಪೇಟೆ ಆದಮೇಲೆ ವಾಣಿಯಂಬಾಡಿ, ಆಂಬೂರು ಬರುತ್ತವೆ. ಉದಯೇಂದಿರಂ ಆ ವಾಣಿಯಂಬಾಡಿಯ ಪಕ್ಕದ ಊರು. ಅಲ್ಲಿ ಸಿಕ್ಕ ತಾಮ್ರಶಾಸನಗಳು ಒಂದಕ್ಕಿಂತ ಹೆಚ್ಚು. ಪಲ್ಲವಮಲ್ಲ ನಂದಿವರ್ಮನ ಕಾಲದ್ದೂ ಒಂದಿದೆ. ನಾನು ಹೇಳುತ್ತಿರುವುದು ನಮ್ಮ ನಾಯಕನ ಮೊಮ್ಮಗ, ಹಸ್ತಿಮಲ್ಲನೆಂಬ ಹೆಸರೂ ಇದ್ದ ಎರಡನೇ ಪೃಥ್ವೀಪತಿ ಹಾಕಿಸಿದ್ದನ್ನು. ಚೋಳ ಒಂದನೇ ಪರಾಂತಕನ 15ನೇ ಆಳ್ವಿಕೆ ವರ್ಷದ ದತ್ತಿ ಅದು. ಪರಾಂತಕ ಪಟ್ಟಕ್ಕೆ ಬಂದದ್ದು 907ರಲ್ಲಿ, ಹಾಗಾಗಿ ಸುಮಾರು 922. ಇದನ್ನು ಓದಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 2ನೇ ಸಂಪುಟದಲ್ಲಿ ಪ್ರಕಟಿಸಿದವರು ಹಲ್ಟ್ಶ್.

ಅದರ ಸಂಸ್ಕೃತ ಭಾಗದಲ್ಲಿ ಗಂಗರ ವಂಶಾವಳಿ ಬರುತ್ತದೆ. ಮೂಲಪುರುಷ ಕೊಂಗಣಿ ಕುವಲಾಲಪುರದವನು, ಅಂದರೆ ನಮ್ಮ ಕೋಲಾರದವನು. ಮುಂದೆ ಶಿವಮಾರ, ಅವನ ಮಗ ಒಂದನೇ ಪೃಥ್ವೀಪತಿ. ಇವನ ಬಗ್ಗೆ ಶಾಸನ ಹೇಳುವುದು ಮೂರು ಸಂಗತಿ. ದಿಂಡಿ ಎಂಬ ಅರಸನ ಮಕ್ಕಳಾದ ಇರಿಗ, ನಾಗದಂತರನ್ನು ಕಾಪಾಡಿದ. ಒಬ್ಬನನ್ನು ಅಮೋಘವರ್ಷನಿಂದ, ಇನ್ನೊಬ್ಬನನ್ನು ಸಾವಿನ ಬಾಯಿಂದ. ವೈಂಬಲ್ಗುಳಿಯ ಕಾಳಗದಲ್ಲಿ ಕತ್ತಿಯೇಟಿಗೆ ಮೈಯಿಂದ ಬೇರ್ಪಟ್ಟ ಎಲುಬಿನ ಚೂರನ್ನು ಗಂಗೆಯ ನೀರಿಗೆ ಸೇರಿಸಿದ. ಕೊನೆಗೆ ಶ್ರೀಪುರಂಬಿಯದ ದೊಡ್ಡ ಯುದ್ಧದಲ್ಲಿ ಪಾಂಡ್ಯ ವರಗುಣನನ್ನು ಸೋಲಿಸಿ, ಗೆಳೆಯನ ‘ಅಪರಾಜಿತ’ ಎಂಬ ಹೆಸರನ್ನು ನಿಜ ಮಾಡಿ, ತನ್ನ ಪ್ರಾಣ ಕೊಟ್ಟು ಸ್ವರ್ಗಕ್ಕೆ ಹೋದ. ಆ ಗೆಳೆಯ ಪಲ್ಲವ ಅರಸ ಅಪರಾಜಿತ.

ಇದನ್ನು ನಂಬಬಹುದಾ? ಯುದ್ಧವನ್ನು ಸಾಮಾನ್ಯವಾಗಿ 880ರ ಆಸುಪಾಸಿಗೆ ಇಡುತ್ತಾರೆ. ಅಂದರೆ ಶಾಸನ ಬರೆದದ್ದು ಅದಾಗಿ ಸುಮಾರು ನಲವತ್ತು ವರ್ಷದ ಮೇಲೆ. ಬರೆಸಿದವನು ಮೊಮ್ಮಗ, ಹಾಗಾಗಿ ಹೊಗಳಿಕೆ ಇದ್ದೇ ಇರುತ್ತೆ. ಎಲುಬಿನ ಚೂರು, ಸ್ವರ್ಗ ಇವೆಲ್ಲ ಪ್ರಶಸ್ತಿಯ ಮಾತು ಅಂತ ಬಿಡೋಣ. ಆದರೆ ‘ಅಪರಾಜಿತ’ ಅನ್ನುವ ಹೆಸರು ಬೇರೆ ಥರದ್ದು. ಈ ಮೊಮ್ಮಗ ಚೋಳರ ಸಾಮಂತ; ‘ಬಾಣಾಧಿರಾಜ’ ಎಂಬ ಬಿರುದು ಕೊಟ್ಟವನೂ ಪರಾಂತಕನೇ. ಪರಾಂತಕನ ತಂದೆ ಒಂದನೇ ಆದಿತ್ಯ ಮುಂದೆ ಅದೇ ಅಪರಾಜಿತನನ್ನು ಯುದ್ಧದಲ್ಲಿ ಸೋಲಿಸಿ ಪಲ್ಲವರ ನಾಡು ಹಿಡಿದ ಅಂತ ಚೋಳರ ತಿರುವಾಲಂಗಾಡು ತಾಮ್ರಶಾಸನ ಹೇಳುತ್ತದೆ. ಹಾಗಿರುವಾಗ ಒಡೆಯನ ಮನೆಯವರೇ ಸೋಲಿಸಿದ ಅರಸನನ್ನು ‘ನಮ್ಮಜ್ಜನ ಗೆಳೆಯ’ ಅಂತ ತಾಮ್ರದಲ್ಲಿ ಕೆತ್ತಿಸಿ ಮೊಮ್ಮಗನಿಗೆ ಆಗಬೇಕಾದ ಲಾಭ ಏನೂ ಇರಲಿಲ್ಲ. ಲಾಭವಿಲ್ಲದ ಮಾತು ಸುಳ್ಳಾಗುವ ಸಾಧ್ಯತೆ ಕಡಿಮೆ. ಪುರಂಬಿಯಂ ಸಾವನ್ನು ನಾನು ಒಪ್ಪುವುದು ಈ ಕಾರಣಕ್ಕೆ. ‘ಚೋಳರಿಗಾಗಿ ಪ್ರಾಣ ಕೊಟ್ಟ ಕೋಲಾರದ ರಾಜ’ ಅನ್ನುವ ಮಾತು ತಪ್ಪಾಗುವುದೂ ಇಲ್ಲೇ: ಶಾಸನದ ಪ್ರಕಾರ ಅವನು ಪ್ರಾಣ ಕೊಟ್ಟದ್ದು ಪಲ್ಲವನಿಗಾಗಿ.

ಎರಡನೇ ಸಾಕ್ಷಿ ಆಂಬೂರಿನ ಎರಡು ವೀರಗಲ್ಲುಗಳು, ತಮಿಳಿನವು. ಹಲ್ಟ್ಶ್ ಇವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 4ನೇ ಸಂಪುಟದಲ್ಲಿ ಪ್ರಕಟಿಸಿದರು. ಪಲ್ಲವ ನೃಪತುಂಗನ 26ನೇ ವರ್ಷದಲ್ಲಿ ನೊಳಂಬನ ಪಡೆ ದನ ಹಿಡಿಯಲು ಬಂದಾಗ ಕಾದಾಡಿ ಸತ್ತವರ ಕಲ್ಲುಗಳು ಇವು. ನಮ್ಮ ವೀರಗಲ್ಲುಗಳ ಭಾಷೆಯಲ್ಲಿ ಹೇಳುವುದಾದರೆ ತುರುಗೋಳು. ಇಲ್ಲಿ ‘ಪಿರುದಿ ಗಂಗರೈಯರ್’ ಎಂಬ ಹೆಸರು ಬರುತ್ತದೆ. ಪೃಥ್ವಿ ತಮಿಳಿನಲ್ಲಿ ಪಿರುದಿ ಆಗಿದೆ. ಇವನೇ ಒಂದನೇ ಪೃಥ್ವೀಪತಿ ಅಂತ ಹಲ್ಟ್ಶ್ ಗುರುತಿಸಿದರು. ಹಾಗಿದ್ದರೆ ಅವನು ಬದುಕಿದ್ದಾಗಲೇ ಕೆತ್ತಿದ ಸಾಕ್ಷಿ ಇದು. ಹೊಗಳಿಕೆ ಇಲ್ಲ, ವಂಶಾವಳಿ ಇಲ್ಲ, ಬರೀ ಹೆಸರು.

ಆದರೆ ಲೆಕ್ಕ ಹಾಕಿ ನೋಡಿ. ಪುಸ್ತಕಗಳ ಪಟ್ಟಿಗಳಲ್ಲಿ ನೃಪತುಂಗ ಪಟ್ಟಕ್ಕೆ ಬಂದದ್ದು 869 ಎಂದಿರುತ್ತದೆ. 26ನೇ ವರ್ಷ ಅಂದರೆ ಸುಮಾರು 895. 880ರಲ್ಲಿ ಸತ್ತವನು 895ರಲ್ಲಿ ಆಂಬೂರಿನಲ್ಲಿ ಹೇಗೆ ಇರುತ್ತಾನೆ? ನೃಪತುಂಗನ ಪಟ್ಟದ ವರ್ಷ ಹಿಂದಕ್ಕೆ ಹೋಗಬೇಕು, ಇಲ್ಲ ಯುದ್ಧ ಮುಂದಕ್ಕೆ ಬರಬೇಕು, ಇಲ್ಲ ಪಿರುದಿ ಬೇರೆ ಗಂಗನಾಗಬೇಕು. ಮೂರನ್ನೂ ಹಾಗೇ ಇಟ್ಟುಕೊಳ್ಳಲು ಆಗುವುದಿಲ್ಲ. ಇಲ್ಲಿ ಗಟ್ಟಿ ಮೊಳೆ ಒಂದೇ: ಐವರ್ಮಲೈ ಶಾಸನದಲ್ಲಿ ಶಕ 792 ವರಗುಣನ 8ನೇ ವರ್ಷ ಎಂದಿದೆ. ಹಾಗಾಗಿ ವರಗುಣ ಅರಸನಾದದ್ದು ಸುಮಾರು 862ರಲ್ಲಿ, ಯುದ್ಧ ಅದಾದ ಮೇಲೆ. ‘880’ ಅನ್ನುವುದು ಶಾಸನದಲ್ಲಿ ಬರೆದ ವರ್ಷವಲ್ಲ, ವಿದ್ವಾಂಸರು ಕಟ್ಟಿದ ಅಂದಾಜು.

ಇನ್ನೊಂದು ತೊಡಕು ತಂದೆಯ ಕಡೆಯಿಂದ. ಶಿವಮಾರ ಅಂದರೆ ರಾಷ್ಟ್ರಕೂಟರ ಸೆರೆಯಲ್ಲಿದ್ದ ಎರಡನೇ ಶಿವಮಾರ ಅಂತ ಹೇಳುವುದು ರೂಢಿ. ಅವನ ಕಾಲ ಮುಗಿಯುವುದು 816ರ ಸುಮಾರಿಗೆ. ಮಗ 880ರಲ್ಲಿ ರಣರಂಗದಲ್ಲಿ ಸತ್ತನೆಂದರೆ ಆಗ ಅರವತ್ತು ದಾಟಿದ ಮುದುಕ. ಅಸಾಧ್ಯವಲ್ಲ, ಆದರೆ ಒಂದು ತಲೆಮಾರು ಬಿಟ್ಟುಹೋಗಿರಬಹುದು ಅಂತಲೂ ಅನ್ನಿಸುತ್ತೆ. ಕನ್ನಡ ನಾಡಿನ ಮುಖ್ಯ ಶಾಖೆಯಲ್ಲಿ ಪಟ್ಟ ಹೋದದ್ದು ಶಿವಮಾರನ ತಮ್ಮ ವಿಜಯಾದಿತ್ಯನ ಮಗ ರಾಜಮಲ್ಲನಿಗೆ. ಆ ಸಾಲಿನಲ್ಲಿ ಪೃಥ್ವೀಪತಿ ಬರುವುದಿಲ್ಲ.

ಈಗ ಮೊದಲಿನ ಪ್ರಶ್ನೆ. ಕುವಲಾಲಪುರ ಅವನ ವಂಶದ ಮೂಲಸ್ಥಾನ. ಅವನು ಕೋಲಾರದಲ್ಲಿ ಕೂತು ಆಳಿದ ಅಂತ ಈ ಎರಡು ಸಾಕ್ಷಿಗಳಲ್ಲಿ ಎಲ್ಲೂ ಇಲ್ಲ. ಅವು ಸಿಕ್ಕಿದ್ದು ಪಾಲಾರ್ ಕಣಿವೆಯಲ್ಲಿ. ಪಾಲಾರ್ ಬೇರೆ ಯಾವುದೋ ನದಿಯಲ್ಲ. ನಂದಿಬೆಟ್ಟದ ಕಡೆ ಹುಟ್ಟಿ, ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲ ಕೆರೆ ತುಂಬಿಸಿ, ಕೆಳಗೆ ವಾಣಿಯಂಬಾಡಿ, ಆಂಬೂರು ದಾಟಿ ಹೋಗುವ ಹೊಳೆ. ಚಾಂಪಿಯನ್ ರೀಫ್ಸ್‌ನಿಂದ ನೇರ ಗೆರೆ ಎಳೆದರೆ ಆಂಬೂರು ಐವತ್ತು ಕಿಲೋಮೀಟರ್ ಚಿಲ್ಲರೆ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಕೋಲಾರವನ್ನು ಮೂಲವೆಂದು ಹೇಳಿಕೊಂಡ ಗಂಗರ ಒಂದು ಶಾಖೆಯವನು, ನಮ್ಮ ಪಾಲಾರಿನ ಕೆಳಗಿನ ನಾಡಿನವನು, 862ರ ನಂತರ ಪುರಂಬಿಯಂನಲ್ಲಿ ಪಲ್ಲವ ಗೆಳೆಯನಿಗಾಗಿ ಸತ್ತವನು. ಇದಕ್ಕಿಂತ ಹೆಚ್ಚು ಬೇಕಿದ್ದರೆ ಇನ್ನೊಂದು ಕಲ್ಲು ಸಿಗಬೇಕು.