ಬಿಸಿಲಿಗೆ ಬರವಿಲ್ಲ, ಬಿಸಿನೀರಿಗೆ ಬರ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಹರಡಿಕೊಂಡಿದೆ. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿಗೆ ಬಂಡವಾಳವೇ ಇಲ್ಲಿನ ಬಿಸಿಲು. ಅದೇ ಬಿಸಿಲಿನಡಿ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಮನೆಗಳ ಮೋಲ್ಡ್ ಮೇಲೆ ಕೂತ ಸೋಲಾರ್ ವಾಟರ್ ಹೀಟರುಗಳು ಮಾರ್ಗಶಿರದ ಚಳಿಯಲ್ಲಿ ಉಗುರುಬೆಚ್ಚಗಿನ ನೀರು ಕೊಟ್ಟು ಸುಮ್ಮನಾಗುತ್ತವೆ. ಸಿದ್ದರಬೆಟ್ಟದ ಗುಹೆಯ ಒರತೆಯಲ್ಲಿ ಜನ ಭಕ್ತಿಯಿಂದ ತಣ್ಣೀರು ಮೀಯುತ್ತಾರೆ, ಸರಿ. ಸಾವಿರಾರು ರೂಪಾಯಿ ಕೊಟ್ಟು ಸೋಲಾರ್ ಹಾಕಿಸಿದವರು ಮನೆಯಲ್ಲೂ ಅದನ್ನೇ ಮೀಯಬೇಕೆ?

‘ಪ್ಯಾನೆಲ್ ಹೋಗಿದೆ ಸಾರ್, ಬದಲಾಯಿಸಬೇಕು’ ಎಂಬ ಮಾತು ರಿಪೇರಿಯವರಿಂದ ಬಲು ಬೇಗ ಬರುತ್ತದೆ. ನಂಬುವ ಮೊದಲು ನೆಲದಡಿಯ ಕಲ್ಲನ್ನು ನೆನೆಯಬೇಕು. ರಾಮನಗರದ ಕಡೆಯಿಂದ ಉತ್ತರಕ್ಕೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಈ ಸೀಮೆಯನ್ನು ಹಾದು ಹೋಗುತ್ತದೆ. ಮಧುಗಿರಿಯ ಏಕಶಿಲೆ ನಿಂತಿರುವುದೂ ಇಂಥ ಕಲ್ಲುನಾಡಿನಲ್ಲೇ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರನ್ನು ಬೋರ್‌ವೆಲ್ಲು ಎತ್ತುವಾಗ ಅದರ ಜೊತೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳೂ ಬರುತ್ತವೆ. ಪಾವಗಡದಲ್ಲಿ ಫ್ಲೋರೈಡ್ ಕೂಡ. ಜನ ಇಂಥ ನೀರನ್ನು ಉಪ್ಪುನೀರು ಎನ್ನುತ್ತಾರೆ. ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಬೇರ್ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುತ್ತಿದ್ದ ಬಿಳಿ ಹೆಕ್ಕಳೆ ಇದೇ. ಹಂಡೆಯನ್ನಾದರೆ ಇಟ್ಟಿಗೆಪುಡಿ ಹಾಕಿ ಉಜ್ಜಬಹುದಿತ್ತು. ಅರ್ಧ ಇಂಚಿನ ತಾಮ್ರದ ಕೊಳವೆಯೊಳಗೆ ಕೈ ಹೋಗುವುದಿಲ್ಲ.

ಒಂದು ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. 600ರ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ ವರ್ಷದಲ್ಲಿ ಸುಮಾರು 22 ಕಿಲೋ ಗಡಸು ಆ ಟ್ಯಾಂಕನ್ನು ಹಾದು ಹೋಗುತ್ತದೆ. ಹತ್ತರಲ್ಲೊಂದು ಪಾಲು ಒಳಗೇ ಉಳಿದರೂ ಎರಡು ಕಿಲೋ ಸುಣ್ಣ. ತಾಮ್ರಕ್ಕೆ ಹೋಲಿಸಿದರೆ ಈ ಪದರ ಶಾಖ ದಾಟಿಸುವುದು ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಒಳಗಿನ ನೀರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಸುಣ್ಣದ ಮೇಲೆ ಹಾಕುವಂತಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ನೀರು ಮೇಲೆ ಕಾಯುತ್ತಿಲ್ಲವೋ, ಕಾದದ್ದು ಕೆಳಗೆ ಬರುತ್ತಿಲ್ಲವೋ? ಸಂಜೆ ಐದರ ಹೊತ್ತಿಗೆ ಮೋಲ್ಡ್ ಹತ್ತಿ, ಟ್ಯಾಂಕಿನಿಂದ ಹೊರಡುವ ಬಿಸಿನೀರಿನ ಪೈಪನ್ನು, ಕೆಳಗೆ ಯಾರಾದರೂ ನಲ್ಲಿ ಬಿಟ್ಟಿರುವಾಗ, ಹುಷಾರಾಗಿ ಮುಟ್ಟಿ ನೋಡಬೇಕು. ಅಲ್ಲಿ ಕೈ ಸುಟ್ಟು ಬಚ್ಚಲಲ್ಲಿ ತಣ್ಣಗಿದ್ದರೆ ಪ್ಯಾನೆಲ್ ನಿರಪರಾಧಿ. ಆಗ ಮೊದಲು ಅನುಮಾನಿಸಬೇಕಾದದ್ದು ಬಚ್ಚಲ ಗೋಡೆಯ ಮಿಕ್ಸರ್ ನಲ್ಲಿಯನ್ನು. ಅದರೊಳಗಿನ ಕಾರ್ಟ್ರಿಜ್ ಅಥವಾ ವಾಷರ್ ಸವೆದರೆ ತಣ್ಣೀರು ಗುಟ್ಟಾಗಿ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಒಂದೇ ಬಚ್ಚಲಿನ ಮಿಕ್ಸರ್ ಕೆಟ್ಟರೆ ಮನೆಯೆಲ್ಲಾ ತಣ್ಣೀರು. ಪರೀಕ್ಷೆ ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಕೊಡುವ ಗೇಟ್ ವಾಲ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಸುರಿಯುತ್ತಲೇ ಇದ್ದರೆ ಅದು ಸೋಲಾರಿನದಲ್ಲ, ಮಿಕ್ಸರಿನಿಂದ ಅಡ್ಡದಾರಿಯಲ್ಲಿ ಬಂದ ನೀರು. ಈ ಪರೀಕ್ಷೆ ಮಾಡದೆ ಟ್ಯಾಂಕ್ ಬದಲಾಯಿಸಲು ಹೊರಡುವುದು ನನ್ನ ಪ್ರಕಾರ ಹಗಲುದರೋಡೆಯೇ.

ಸಂಜೆ ಕುದಿಯುವಂತಿದ್ದದ್ದು ಬೆಳಿಗ್ಗೆಗೆ ಆರಿಹೋಗುತ್ತದೆ ಎಂದರೆ ಟ್ಯಾಂಕಿನ ಸುತ್ತ ಬಿಸಿ ಹಿಡಿದಿಡುವ ಪಫ್ ಪದರ ನೆನೆದಿರಬಹುದು, ಬಿಸಿನೀರಿನ ಯಾವುದೋ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತಿರಬಹುದು. ನೀರೇ ಬರದೆ ಬುಸ್ ಬುಸ್ ಎಂದರೆ ಪೈಪಿನಲ್ಲಿ ಗಾಳಿ ಕಟ್ಟಿದೆ. ಏರ್ ವೆಂಟ್ ಪೈಪಿನ ಬಾಯಿ ನೋಡಿ.

ಮೇಲೆಯೇ ಕಾಯುತ್ತಿಲ್ಲವಾದರೆ? ಎರಡು ಗಾಜಿನ ನಡುವೆ ನಿರ್ವಾತವಿರುವ ಟ್ಯೂಬುಗಳಾದರೆ ಮುಚ್ಚಿದ ತುದಿಯನ್ನು ಗಮನಿಸಬೇಕು. ಅಲ್ಲಿ ಕನ್ನಡಿಯ ಹಾಗೆ ಹೊಳೆಯುವ ಬೇರಿಯಂ ಲೇಪವಿರುತ್ತದೆ. ಗಾಳಿ ಹೊಕ್ಕರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಒಳ್ಳೆಯ ಟ್ಯೂಬಿನ ಹೊರಗಾಜು ನಡುಮಧ್ಯಾಹ್ನವೂ ಸುಡುವುದಿಲ್ಲ. ಸುಡುತ್ತಿದೆಯೆಂದರೆ ಆ ಒಂದು ಟ್ಯೂಬು ಬದಲಾಯಿಸಿ, ಇಡೀ ಸೆಟ್ಟನ್ನಲ್ಲ. ಸುಣ್ಣ ಟ್ಯೂಬಿನ ತಳದಲ್ಲಿ ಪುಡಿಯಾಗಿ ಕೂತಿದ್ದರೆ ಬಿಚ್ಚಿ ತೊಳೆದು, ಸವೆದ ರಬ್ಬರ್ ರಿಂಗ್ ಹೊಸದು ಹಾಕಿದರೆ ಮುಗಿಯಿತು. ಈ ಕೆಲಸವೆಲ್ಲ ಬಿಸಿಲೇರುವ ಮುಂಚೆ ಆಗಬೇಕು. ಖಾಲಿಯಾಗಿ ಕಾದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ.

ತಾಮ್ರದ ಕೊಳವೆಯ ಫ್ಲಾಟ್ ಪ್ಲೇಟ್ ಆದರೆ ಕೆಲಸ ಹೆಚ್ಚು. ಪ್ಯಾನೆಲನ್ನು ಟ್ಯಾಂಕಿನಿಂದ ಬೇರ್ಪಡಿಸಿ, ಸಿಟ್ರಿಕ್ ಆಸಿಡ್‌ನಂಥ ಮೆದು ಆಮ್ಲವನ್ನು ನೀರಿನಲ್ಲಿ ಕರಗಿಸಿ ಸಣ್ಣ ಪಂಪಿನಿಂದ ಸುತ್ತಿಸಬೇಕು. ನೊರೆ ಏಳುವುದು ನಿಂತ ಮೇಲೆ ಚೆನ್ನಾಗಿ ತೊಳೆಯಬೇಕು. ಕಕ್ಕಸು ತೊಳೆಯುವ ಆಸಿಡನ್ನು ಟ್ಯಾಂಕಿಗೇ ಸುರಿಯುವ ಶೂರರಿದ್ದಾರೆ. ಅದರ ಕ್ಲೋರೈಡು ಸ್ಟೀಲಿನ ಬೆಸುಗೆಯನ್ನು ತಿಂದು, ಸುಣ್ಣದ ಜೊತೆಗೆ ಟ್ಯಾಂಕನ್ನೂ ತೂತು ಮಾಡುತ್ತದೆ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗಿಟ್ಟ ಕರೆಂಟಿನ ಕಾಯಿಲ್ಲಿಗೂ ಸುಣ್ಣವೇ ಶತ್ರು, ಪದರ ಕಟ್ಟಿದ ಕಾಯಿಲ್ ತನ್ನ ಶಾಖದಲ್ಲಿ ತಾನೇ ಬೆಂದುಹೋಗುತ್ತದೆ. 100 ಲೀಟರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಡಿಮೆ 4 ಯೂನಿಟ್ ಬೇಕು, ಎರಡು ಕಿಲೋವಾಟ್ ಕಾಯಿಲ್ಲಿಗೆ ಎರಡು ಗಂಟೆಯ ಕೆಲಸ. ಸೋಲಾರ್ ಇದ್ದೂ ದಿನಾ ಸ್ವಿಚ್ ಹಾಕುವ ಮನೆಗಳಲ್ಲಿ ಬಿಲ್ಲು ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಆ ಕಾಯಿಲ್ ಮುಟ್ಟುವ ಮೊದಲು ಮೇನ್ ಆಫ್ ಮಾಡಿರಬೇಕು ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇಷ್ಟೆಲ್ಲ ತೊಳೆದಾಡುವ ಬದಲು ಗಡಸು ನೀರನ್ನು ಪ್ಯಾನೆಲ್ಲಿಗೆ ಬಿಡದೇ ಇದ್ದರೆ? ಹೀಟ್ ಎಕ್ಸ್‌ಚೇಂಜರ್ ಇರುವ ಸೋಲಾರ್ ಮಾಡುವುದು ಇದನ್ನೇ. ಪ್ಯಾನೆಲ್ಲಿನಲ್ಲಿ ಸ್ವಲ್ಪವೇ ಮೆದುನೀರು ಸುತ್ತುತ್ತಿರುತ್ತದೆ, ಟ್ಯಾಂಕಿನ ಹೊರಕವಚದ ಮೂಲಕ ತನ್ನ ಬಿಸಿಯನ್ನಷ್ಟೇ ಒಳಗಿನ ಬೋರ್ ನೀರಿಗೆ ದಾಟಿಸುತ್ತದೆ. ಕೋಪನ್‌ಹೇಗನ್, ಲಂಡನ್‌ಗಳ ದೊಡ್ಡ ಕಟ್ಟಡಗಳಲ್ಲೂ ಇದೇ ಉಪಾಯ: ಊರಿಗೊಂದೋ ಕಟ್ಟಡಕ್ಕೊಂದೋ ಒಲೆ ಇಟ್ಟು, ಮನೆಮನೆಯ ಗೋಡೆಗೆ ಒಂದೊಂದು ಪೆಟ್ಟಿಗೆ ಹಚ್ಚುತ್ತಾರೆ. ಅದರೊಳಗೂ ತೆಳು ತಗಡುಗಳ ಒಂದು ಬದಿಗೆ ಒಲೆಯ ನೀರು, ಇನ್ನೊಂದು ಬದಿಗೆ ನಲ್ಲಿಯ ನೀರು. ಲಂಡನ್ನಿನ ನೀರೂ ಗಡಸೇ. ಅಲ್ಲಿನ ರಿಪೇರಿಯವನು ಒಳಬರುವ ಮತ್ತು ಮರಳಿ ಹೋಗುವ ನೀರಿನ ಉಷ್ಣತೆ ಅಳೆಯುತ್ತಾನೆ. ಬಿಸಿಯಾಗಿ ಬಂದದ್ದು ಬಿಸಿಯಾಗಿಯೇ ಮರಳಿ, ನಲ್ಲಿ ಮಾತ್ರ ತಣ್ಣಗಿದ್ದರೆ ತಗಡಿಗೆ ಸುಣ್ಣ ಕಟ್ಟಿದೆ ಎಂದರ್ಥ. ಬರುವುದೇ ಮಂದವಾಗಿದ್ದರೆ ಜಾಲರಿಯೋ ವಾಲ್ವೋ ಕಟ್ಟಿಕೊಂಡಿದೆ. ಮೊದಲು ಅಳತೆ, ಆಮೇಲೆ ಸ್ಪ್ಯಾನರ್.

ನಮ್ಮ ಎಕ್ಸ್‌ಚೇಂಜರ್ ಸೋಲಾರಿಗೂ ಒಂದು ರೋಗವುಂಟು. ಸುತ್ತುವ ಮೆದುನೀರು ಆವಿಯಾಗಿ ಕಡಿಮೆಯಾದರೆ ಎಲ್ಲ ಭಾಗ ಸರಿಯಿದ್ದೂ ಟ್ಯಾಂಕು ಕಾಯದು. ಮೇಲಿನ ಪುಟ್ಟ ತೊಟ್ಟಿಯ ಮಟ್ಟ ನೋಡಿ, ಸೋಸಿದ ಮಳೆನೀರನ್ನೋ ಡಿಸ್ಟಿಲ್ಡ್ ವಾಟರನ್ನೋ ತುಂಬಿದರೆ ಸಾಕು. ಅಲ್ಲಿಗೂ ಬೋರ್ ನೀರು ಸುರಿದರೆ ಹೆಚ್ಚಿಗೆ ಕೊಟ್ಟ ದುಡ್ಡೆಲ್ಲ ದಂಡ.

ಹೊಸದಾಗಿ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಒಂದು ಬಾಟಲಿ ಬೋರ್ ನೀರನ್ನು ಪರೀಕ್ಷೆಗೆ ಕೊಡಲಿ. ಆ ಚೀಟಿಯ ಗಡಸುತನದ ಅಂಕಿಯನ್ನು ಮಾರುವವರ ಮುಂದಿಟ್ಟು, ಗ್ಯಾರಂಟಿ ಕಾರ್ಡಿನ ಸಣ್ಣಕ್ಷರದಲ್ಲಿ ಗಡಸು ನೀರಿನ ಬಗ್ಗೆ ಏನಿದೆ ಎಂದು ಓದಿಸಲಿ.